ಗಟ್ಟಿ ಐಸಿನೊಳಗಿನ ಹೆಸರು

ಸ್ಯಾಂಡ್‌ವಿಕ್ ಊರಿನ ರೋನಾ ಮ್ಯಾಗ್ನುಸನ್‌ಗೆ ಸಿಟ್ಟು ಬರುವುದು ಕಡಿಮೆ. ಮೀನಿನ ಶೆಡ್ಡಿನ ಕಚೇರಿಯಲ್ಲಿ ಕೂತು, ಬಂದವರ ಬೂಟಿನಿಂದ ಕರಗಿ ಹರಿಯುವ ನೀರನ್ನು ತಾನೇ ಒರೆಸುತ್ತ, ಅವರವರ ಹೆಂಡತಿ ಮಕ್ಕಳನ್ನು ವಿಚಾರಿಸುತ್ತ ದಿನ ಕಳೆಯುವ ಹೆಂಗಸು ಅವಳು. ಊರಲ್ಲಿ ಯಾರನ್ನು ಕೇಳಿದರೂ ಪಾಪದವಳು ಅನ್ನುತ್ತಾರೆ. ಆದರೆ ಆ ಪಾಪದವಳ ಎದೆಯೊಳಗೆ ಒಂದು ಕೆಂಡ ಇತ್ತು. ಚಳಿಗಾಲ ಬಂತೆಂದರೆ ಅದಕ್ಕೆ ಯಾರೋ ಊದುಗೊಳವೆ ಹಿಡಿದಂತೆ ಆಗುತ್ತಿತ್ತು. ಅದು ಧಗ್ಗೆಂದು ಉರಿಯುತ್ತಿದ್ದದ್ದು ಆ್ಯಪಿಗೆ ಹೊಸ ಅಪ್‌ಡೇಟ್ ಕಳಿಸುವ ದಿನ.

ಆ್ಯಪಿನ ಹೆಸರು ‘ಗಟ್ಟಿ ಐಸ್’. ವಿನಿಪೆಗ್ ಸರೋವರ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆಯೇ ಓಡಾಟ, ಅದರಲ್ಲೇ ತೂತು ಕೊರೆದು ಮೀನಿಗೆ ಬಲೆ ಬಿಡುವುದು. ಎಲ್ಲಿ ಐಸು ದಪ್ಪಗಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ದಿನಾ ಬೆಳಗ್ಗೆ ರೋನಾ ಮೀನುಗಾರರಿಗೆ ಫೋನು ಹಚ್ಚಿ ಕೇಳುತ್ತಿದ್ದಳು. ಅವರು ಬೈರಿಗೆ ಇಳಿಸಿ ನೋಡಿ ಹೇಳಿದ್ದನ್ನು ನಕ್ಷೆಯ ಮೇಲೆ ಏರಿಸುತ್ತಿದ್ದಳು. ಹಸಿರು ಇದ್ದಲ್ಲಿ ಹೋಗಬಹುದು, ಕೆಂಪು ಇದ್ದಲ್ಲಿ ಹೋಗಬಾರದು. ಮುದುಕರಿಗೂ ತಿಳಿಯಬೇಕಲ್ಲ, ಅದಕ್ಕೇ ಅಷ್ಟು ಸರಳ. ಸರೋವರದ ನಡುವೆ ಸಿಗ್ನಲ್ ಸಿಗುವುದಿಲ್ಲವೆಂದು, ಕೊನೆಗೆ ಬಂದ ನಕ್ಷೆಯನ್ನು ಫೋನೇ ಹಿಡಿದಿಟ್ಟುಕೊಂಡು ತೋರಿಸುವ ಹಾಗೆ ಮಾಡಿದ್ದೂ ರೋನಾಳೇ. ಅದಕ್ಕಾಗಿ ಅವಳು ಒಂದಿಡೀ ಬೇಸಿಗೆ ಮೀನು ಹಿಡಿಯಲಿಲ್ಲ, ಈಜಲಿಲ್ಲ, ಗಂಡ ಗಾರ್ತ್ ಜೊತೆ ಸರಿಯಾಗಿ ಮಾತೂ ಆಡಲಿಲ್ಲ.

ಇಷ್ಟೆಲ್ಲ ಅವಳದೇ. ಆದರೆ ಅಪ್‌ಡೇಟ್ ಕಳಿಸಲು ಕೂತರೆ ಪರದೆಯ ನೆತ್ತಿಯ ಮೇಲೆ ಮೊದಲು ಕಾಣುವುದು ಆ್ಯಪಿನ ಐಡಿ. ಅದರಲ್ಲಿ ಬರೆದಿರುವುದು: ಕಾಮ್, ಚುಕ್ಕೆ, ಟೆಸ್ಸಾಕೋವಲ್, ಚುಕ್ಕೆ, ಐಸ್.

ಟೆಸ್ಸಾ ಕೋವಲ್ ರೋನಾಳ ಬಾಲ್ಯದ ಗೆಳತಿ. ಆ್ಯಪ್ ಹುಟ್ಟಿದ್ದು ಟೆಸ್ಸಾಳ ಅಡುಗೆಮನೆಯ ಮೇಜಿನ ಮೇಲೆ, ಟೆಸ್ಸಾಳ ಕಂಪ್ಯೂಟರಿನಲ್ಲಿ. ಮೊದಲ ಸಲ ಫೋನಿನ ಆ್ಯಪ್ ಅಂಗಡಿಗೆ ಕಳಿಸುವಾಗ ‘ಐಡಿ ಏನು?’ ಎಂದು ಒಂದು ಖಾಲಿ ಜಾಗ ಕೇಳಿತ್ತು. ಟೆಸ್ಸಾ ಬಾಯಲ್ಲಿ ಪೆರೋಗಿ ಕಡುಬು ಅಗಿಯುತ್ತಲೇ ತನ್ನ ಹೆಸರು ಕುಟ್ಟಿದ್ದಳು. ‘ಇದು ಯಾರ ಕಣ್ಣಿಗೂ ಬೀಳಲ್ಲ ಬಿಡೇ’ ಅಂದಿದ್ದಳು. ಆ ವಸಂತದಲ್ಲೇ ವ್ಯಾಂಕೂವರಿನಲ್ಲಿ ಕೆಲಸ ಸಿಕ್ಕಿ ಹೊರಟಳು. ಹೋಗುವಾಗ ಆ್ಯಪನ್ನು ರೋನಾಳ ಖಾತೆಗೆ ವರ್ಗಾಯಿಸಿ, ಎಲ್ಲ ನಿಂದೇ ಕಣೇ ಅಂತ ತಬ್ಬಿಕೊಂಡಳು. ಖಾತೆ ಬದಲಾಯಿತು, ಐಡಿ ಬದಲಾಗಲಿಲ್ಲ. ಆಗುವುದೂ ಇಲ್ಲ. ಆ್ಯಪಿನ ಹೆಸರು ಅಂಗಡಿಯ ಬೋರ್ಡಿನ ಹಾಗೆ, ಯಾವಾಗ ಬೇಕಾದರೂ ಬಣ್ಣ ಬಳಿದು ಬೇರೆ ಬರೆಯಬಹುದು. ಐಡಿ ಹಾಗಲ್ಲ. ಲೋಕದ ಎಲ್ಲ ಫೋನುಗಳೂ ಆ್ಯಪನ್ನು ಗುರುತು ಹಿಡಿಯುವುದು ಅದರಿಂದ. ಒಂದಕ್ಷರ ಆಚೀಚೆ ಆದರೂ ಅದು ಬೇರೆಯೇ ಆ್ಯಪು, ಹಳೆಯದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹೀಗಾಗಿ ಪ್ರತಿ ಸಲವೂ ರೋನಾ ಆ ಹೆಸರನ್ನು ನೋಡಬೇಕು, ನೋಡಿ ‘ಸರಿ’ ಒತ್ತಬೇಕು. ಒತ್ತಿದ ಮೇಲೆ ಎದ್ದು ಹೋಗಿ ಫೋನು ತೆರೆದು ಟೆಸ್ಸಾಳ ಫೋಟೋಗಳನ್ನು ನೋಡುತ್ತಿದ್ದಳು. ಯಾಕೆ ನೋಡುತ್ತಿದ್ದಳೋ, ಗಾಯದ ಹಕ್ಕಳೆಯನ್ನು ಕೀಳುವವರು ಯಾಕೆ ಕೀಳುತ್ತಾರೋ ಹಾಗೆ. ಟೆಸ್ಸಾ ಸಮುದ್ರದ ದಂಡೆಯ ಮೇಲೆ, ಐಸೇ ಇಲ್ಲದ ಸಮುದ್ರ. ಟೆಸ್ಸಾ ಬೆಂಕಿ ಬಣ್ಣದ ಕೋಟಿನಲ್ಲಿ. ಟೆಸ್ಸಾಳ ಹಲ್ಲು ಮೊದಲು ಇಷ್ಟು ಬೆಳ್ಳಗಿರಲಿಲ್ಲ.

‘ಹಲ್ಲು ಬಿಳಿ ಮಾಡಿಸ್ಕೊಂಡಿದಾಳೆ’ ಅಂದಳು ರೋನಾ ಒಮ್ಮೆ.

‘ಯಾರು?’ ಅಂದ ಗಾರ್ತ್, ಟೀವಿಯಲ್ಲಿ ಹಾಕಿ ಆಟ ನೋಡುತ್ತ.

‘ಇನ್ಯಾರು.’

‘ಓ, ಆ ಕಾಮ್ ಚುಕ್ಕೆನಾ’ ಅಂದ ಗಾರ್ತ್. ಆ ಮನೆಯಲ್ಲಿ ಟೆಸ್ಸಾಳಿಗೆ ಅದೇ ಹೆಸರು.

ಇಷ್ಟಕ್ಕೇ ನಿಂತಿದ್ದರೆ ಆ ಕೆಂಡ ಬೂದಿ ಮುಚ್ಚಿಕೊಂಡು ಇರುತ್ತಿತ್ತೇನೋ. ಆ ವರ್ಷ ಮೀನುಗಾರರ ಸಂಘಕ್ಕೆ ಹೊಸ ಅಧ್ಯಕ್ಷೆ ಬಂದಳು, ವಿಲ್ಮಾ ಬಾರ್ಡಲ್ ಅಂತ. ಏನಾದರೂ ಮಾಡಲೇಬೇಕು ಎನ್ನುವ ಹುರುಪಿನವಳು. ಒಂದು ಮಧ್ಯಾಹ್ನ ಶೆಡ್ಡಿಗೆ ಬಂದು, ಕೈಗವಸು ಬಿಚ್ಚುತ್ತ, ‘ರೋನಾ, ಚಳಿಗಾಲದ ಔತಣಕ್ಕೆ ಈ ಸಲ ಒಂದು ಸನ್ಮಾನ ಇಟ್ಕೊಂಡಿದೀವಿ ಕಣಮ್ಮ. ನಮ್ಮ ಆ್ಯಪ್ ಮಾಡಿದವರಿಗೆ’ ಅಂದಳು.

ರೋನಾಳಿಗೆ ಕಿವಿಯವರೆಗೂ ರಕ್ತ ಏರಿತು. ‘ಅಯ್ಯೋ, ಅದೆಲ್ಲ ಯಾಕೆ’ ಅಂದಳು. ಅನ್ನುತ್ತಲೇ, ಯಾವ ಅಂಗಿ ಹಾಕಿಕೊಳ್ಳುವುದು ಅಂತಲೂ ಯೋಚಿಸಿದಳು.

‘ಯಾಕೆ ಅಂದ್ರೆ? ನಮ್ಮೂರ ಹುಡುಗಿ ಅಲ್ವಾ ಟೆಸ್ಸಾ? ಫೋನ್ ಮಾಡಿದ್ದೆ, ಬರ್ತೀನಿ ಅಂದ್ಲು. ಅವಳಿಗೆ ವೀನಾರ್‌ಟೆರ್ಟಾ ಅಂದ್ರೆ ಪ್ರಾಣ. ನೀನು ಮಾಡ್ತೀಯಲ್ಲ, ಏಳು ಪದರದ್ದು, ಒಂದು ಕೇಕು ಮಾಡ್ಕೊಡು.’

‘ಟೆಸ್ಸಾ ಮಾಡಿದ್ದು ಅಂತ ಯಾರು ಹೇಳಿದ್ರು?’

‘ಯಾರು ಯಾಕೆ ಹೇಳ್ಬೇಕು? ನಮ್ಮ ಮೊಮ್ಮಗನಿಗೆ ಆ್ಯಪಿನ ಲಿಂಕ್ ಕಳಿಸ್ತಿದ್ದೆ. ಲಿಂಕ್‌ನಲ್ಲೇ ಇದೆ ನೋಡು ಅವಳ ಹೆಸರು’ ಎಂದು ವಿಲ್ಮಾ ಫೋನು ತಿರುಗಿಸಿ ತೋರಿಸಿದಳು. ಇತ್ತು. ಯಾರ ಕಣ್ಣಿಗೂ ಬೀಳಲ್ಲ ಅಂದಿದ್ದ ಹೆಸರು ವಿಲ್ಮಾಳ ಬೆರಳ ತುದಿಯಲ್ಲಿ ಕೂತಿತ್ತು.

‘ಇಲ್ಲ, ನಾನು’ ಅನ್ನಲು ರೋನಾಳಿಗೆ ಬಾಯಿ ಬರಲಿಲ್ಲ. ಕೇಳಿ ಪಡೆದ ಸನ್ಮಾನ ಯಾರಿಗೆ ಬೇಕು. ‘ಕೇಕು ಮಾಡ್ತೀನಿ ಬಿಡಿ’ ಅಂದಳು.

ಆ ವಾರವೇ ಅವಳು ಹೊಸ ಆ್ಯಪ್ ಕಟ್ಟಿದಳು. ಹೊಸದು ಅಂದರೆ ಹೊಸದೇನಲ್ಲ, ಅದೇ ನಕ್ಷೆ, ಅದೇ ಹಸಿರು ಕೆಂಪು, ಅದೇ ಮೀನಿನ ಚಿತ್ರ, ಅದೇ ‘ಗಟ್ಟಿ ಐಸ್’. ಐಡಿ ಮಾತ್ರ ಬೇರೆ. ಕಾಮ್, ಚುಕ್ಕೆ, ರೋನಾಮ್ಯಾಗ್ನುಸನ್. ಆ ಖಾಲಿ ಜಾಗದಲ್ಲಿ ತನ್ನ ಹೆಸರು ಕುಟ್ಟುವಾಗ ಅವಳ ಬೆರಳಿಗೆ ಬಿಸಿ ಕಾಫಿಯ ಲೋಟ ಹಿಡಿದಷ್ಟು ಹಿತವಾಯಿತು. ಅಂಗಡಿಯ ಪುಟದಲ್ಲಿ ಹಳೆಯದರ ಹೆಸರನ್ನು ‘ಹಳೆಯದು, ಬಳಸಬೇಡಿ’ ಎಂದು ತಿದ್ದಿದಳು. ದಿನದ ಐಸಿನ ಸುದ್ದಿಯನ್ನು ಹಳೆಯದಕ್ಕೆ ನಿಲ್ಲಿಸಿ ಹೊಸದಕ್ಕೆ ಹರಿಸಿದಳು. ಶೆಡ್ಡಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು.

ಅವಳು ಮಾಡದೆ ಬಿಟ್ಟದ್ದು ಒಂದೇ. ಅಂಗಡಿಯ ಪುಟದಲ್ಲಿರುವ ಹೆಸರು ಬೇರೆ, ಫೋನಿನಲ್ಲಿ ಚಿತ್ರದ ಕೆಳಗೆ ಕಾಣುವ ಹೆಸರು ಬೇರೆ. ಆ ಎರಡನೆಯದು ಆ್ಯಪಿನ ಹೊಟ್ಟೆಯೊಳಗೆ ಇರುತ್ತದೆ. ಅದನ್ನು ತಿದ್ದಬೇಕೆಂದರೆ, ‘ಹೊಸದನ್ನು ಹಾಕಿಕೊಳ್ಳಿ’ ಎಂದು ಒಳಗಿನಿಂದ ಹೇಳಿಸಬೇಕೆಂದರೆ, ಹಳೆಯ ಐಡಿಯ ಮೇಲೆಯೇ ಕೊನೆಯದೊಂದು ಅಪ್‌ಡೇಟ್ ಕಳಿಸಬೇಕು. ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ, ಈ ಕೆಲಸದಲ್ಲಿ ಪಳಗಿದ ಕೈ ಅವಳದು. ಕಳಿಸಲೆಂದು ಕೂತಿದ್ದಳು ಕೂಡ. ನೆತ್ತಿಯ ಮೇಲೆ ಟೆಸ್ಸಾಕೋವಲ್ ಎಂದು ಕಂಡದ್ದೇ ತಡ, ಕಂಪ್ಯೂಟರನ್ನು ಟಪ್ಪೆಂದು ಮುಚ್ಚಿದಳು. ಇನ್ನೊಂದು ಸಲ ಆ ಹೆಸರಿಗೆ ‘ಸರಿ’ ಒತ್ತುವುದಿಲ್ಲ ಅಂದರೆ ಇಲ್ಲ. ಚೀಟಿ ಅಂಟಿಸಿದ್ದೀನಲ್ಲ, ಜನ ಓದುತ್ತಾರೆ.

ಜನ ಓದಲಿಲ್ಲ. ಆ ಬಾಗಿಲ ಮೇಲೆ ಹಿಂದಿನ ಚಳಿಗಾಲದ ಬಿಂಗೋ ಆಟದ ಚೀಟಿಯೂ ಇತ್ತು, ಕಳೆದುಹೋದ ನಾಯಿಯದೂ ಇತ್ತು.

ಕೆಲವು ದಿನ ಏನೂ ಆಗಲಿಲ್ಲ. ರೋನಾ ಶಿಳ್ಳೆ ಹಾಕುತ್ತ ಓಡಾಡಿದಳು. ಆಮೇಲೊಂದು ಬೆಳಗ್ಗೆ ಅವಳ ಸೋದರಮಾವ ಓಲಿ ಜೋನಾಸನ್ ಶೆಡ್ಡಿನ ಬಾಗಿಲು ಒದ್ದುಕೊಂಡು ಒಳಗೆ ಬಂದ. ಸೊಂಟದವರೆಗೂ ಒದ್ದೆ, ಪ್ಯಾಂಟು ಹೆಪ್ಪುಗಟ್ಟಿ ತಗಡಿನಂತೆ ಸದ್ದು ಮಾಡುತ್ತಿತ್ತು. ಜೊತೆಯಲ್ಲಿ ಬಂದವನು ಅವನನ್ನು ಒಲೆಯ ಪಕ್ಕ ಕೂರಿಸಿ, ನೀರಿಗೆ ಬಿದ್ದ ಹಿಮಗಾಡಿ ಸ್ನೋಮೊಬೈಲನ್ನು ಎಳೆಸಲು ಮತ್ತೆ ಓಡಿದ.

ರೋನಾ ಕಂಬಳಿ ಹೊದಿಸಿ, ಬೂಟು ಎಳೆದು, ಕಾಫಿ ಕೊಟ್ಟಳು. ಮುದುಕನ ಹಲ್ಲು ಲೋಟಕ್ಕೆ ಬಡಿಯುತ್ತಿತ್ತು.

‘ಎಲ್ಲಿ ಮಾಮ?’

‘ಕೊಕ್ಕರೆ ಮೂಲೆ ಹತ್ರ.’

‘ಅಲ್ಲಿಗ್ಯಾಕೆ ಹೋದೆ? ಅಲ್ಲಿ ಬಿರುಕು ಬಿಟ್ಟಿದೆ. ಮೊನ್ನೆಯಿಂದ ಕೆಂಪು ಹಾಕಿದೀನಿ.’

‘ನೀನು ಕೆಂಪು ಹಾಕಿದೀಯಾ? ನನ್ನ ಫೋನ್‌ನಲ್ಲಿ ಹುಲ್ಲುಗಾವಲಿನ ಹಾಗೆ ಹಸಿರಿದೆ ಕಣೇ. ದನ ಮೇಯಿಸ್ಬಹುದು ಅಲ್ಲಿ.’

ಅವನ ಒಳಜೇಬಿನಿಂದ ಫೋನು ತೆಗೆದು ನೋಡಿದಳು. ಮೀನಿನ ಚಿತ್ರ, ಕೆಳಗೆ ‘ಗಟ್ಟಿ ಐಸ್’. ಒತ್ತಿದಳು. ಹಳೆಯ ನಕ್ಷೆ ಅಚ್ಚುಕಟ್ಟಾಗಿ ತೆರೆದುಕೊಂಡಿತು. ಹೊಸ ಸುದ್ದಿ ಸಿಗದೆ, ಕೊನೆಗೆ ಸಿಕ್ಕಿದ್ದನ್ನೇ ಜೋಪಾನವಾಗಿ ಹಿಡಿದಿಟ್ಟುಕೊಂಡಿತ್ತು, ಅವಳು ಇಡೀ ಬೇಸಿಗೆ ಕೂತು ಕಲಿಸಿದ ಹಾಗೆಯೇ. ತಾರೀಕು ಕೆಳಗೆ ಮೂಲೆಯಲ್ಲಿ ಇರುವೆಯಷ್ಟು ಚಿಕ್ಕದಾಗಿತ್ತು.

‘ಹೊಸದು ಹಾಕ್ಕೊಬೇಕಿತ್ತು ಮಾಮ. ಬಾಗಿಲಿಗೆ ಚೀಟಿ ಅಂಟಿಸಿದ್ನಲ್ಲ.’

‘ಹೊಸದು ಯಾಕೆ? ಹಳೇದಕ್ಕೆ ಏನಾಗಿತ್ತು?’

ರೋನಾ ಖಾಲಿಯಾಗದ ಲೋಟಕ್ಕೇ ಮತ್ತೆ ಕಾಫಿ ಸುರಿದಳು.

‘ಹೇಳೇ. ನಾನು ಸತ್ತಿದ್ರೆ ಯಾವುದಕ್ಕೆ ಸತ್ತೆ ಅಂತಾದ್ರೂ ಗೊತ್ತಾಗ್ಲಿ.’

ಅವಳು ಹೇಳಿದಳು. ಐಡಿಯ ವಿಷಯ, ಲಿಂಕಿನ ವಿಷಯ, ಸನ್ಮಾನದ ವಿಷಯ, ಕೇಕಿನ ವಿಷಯವನ್ನೂ ಬಿಡದೆ. ಕೇಳುತ್ತ ಓಲಿ ಮಾಮನ ನಡುಕ ಕಡಿಮೆಯಾಯಿತು.

‘ಎಲ್ಲಿದೆ ಆ ಹೆಸರು? ತೋರಿಸು.’

ತೋರಿಸಿದಳು. ಅವನು ಕಣ್ಣು ಕಿರಿದು ಮಾಡಿ, ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದ. ಕನ್ನಡಕ ಸರೋವರದ ತಳ ಸೇರಿತ್ತು.

‘ನನಗೇನೂ ಕಾಣ್ತಿಲ್ಲ’ ಅಂದ. ‘ಏಳು. ನನ್ನ ಹಾಗೆ ಇನ್ನೂ ಎಷ್ಟು ಜನ ಆ ಹಸಿರು ನೋಡ್ಕೊಂಡು ಹೊರಟಿದಾರೋ. ಕಾಫಿ ನಾನೇ ಹಾಕ್ಕೋತೀನಿ.’

ರೋನಾ ಓಡಿಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಮೊದಲು ಹಳೆಯದಕ್ಕೆ ಸುದ್ದಿ ಬಿಟ್ಟಳು. ಸಿಗ್ನಲ್ ಇದ್ದವರ ಫೋನುಗಳಲ್ಲಿ ಕೊಕ್ಕರೆ ಮೂಲೆ ಒಡನೆಯೇ ಕೆಂಪಾಯಿತು. ಸಿಗ್ನಲ್ ಇಲ್ಲದೆ ಆಗಲೇ ಐಸಿನ ಮೇಲಿದ್ದವರನ್ನು ಹುಡುಕಲು ಗಾರ್ತ್‌ನನ್ನು ಓಡಿಸಿದಳು. ಕೊನೆಯವನು ದಡ ಹತ್ತಿದ ಅನ್ನುವ ಫೋನು ಬರುವತನಕ ಅವಳು ದಡ ಸೇರಿದವರ ಹೆಸರಿಗೆ ಒಂದೊಂದಾಗಿ ಗೀಟು ಹಾಕುತ್ತ ಕೂತಿದ್ದಳು. ಆಮೇಲೆ ಅಂಗಡಿಯ ಪುಟದಲ್ಲಿ ಹಳೆಯದರ ಹೆಸರನ್ನು ಮೊದಲಿನಂತೆ ಬರೆದಳು. ತನ್ನ ಹೆಸರಿನ ಆ್ಯಪಿಗೆ ಕೊನೆಯ ಅಪ್‌ಡೇಟ್ ಕಳಿಸಿ, ‘ಇದನ್ನು ತೆಗೆದುಹಾಕಿ, ಹಳೆಯದನ್ನೇ ಬಳಸಿ’ ಎಂದು ಅದರ ಬಾಯಿಂದಲೇ ಹೇಳಿಸಿ, ಅಂಗಡಿಯಿಂದ ಕೆಳಗಿಳಿಸಿದಳು. ಹಳೆಯದಕ್ಕೂ ಒಂದು ಅಪ್‌ಡೇಟ್ ಬೇಕಿತ್ತು. ಅದರಲ್ಲಿ ತಾರೀಕನ್ನು ನಕ್ಷೆಯ ತಲೆಯ ಮೇಲೆ ಕುರುಡರಿಗೂ ಕಾಣುವಷ್ಟು ದೊಡ್ಡದಾಗಿ ಹಾಕಿದಳು. ಕಳಿಸುವಾಗ ನೆತ್ತಿಯ ಮೇಲೆ ಟೆಸ್ಸಾಕೋವಲ್ ಇದ್ದಳು. ‘ಸರಿ’ ಒತ್ತಿದಳು. ಉರಿಯಲಿಲ್ಲ ಅಂತಲ್ಲ, ಉರಿಯಿತು. ಒತ್ತಿದಳು, ಅಷ್ಟೇ.

ಔತಣದ ಸಂಜೆ ಟೆಸ್ಸಾ ಬಂದಳು. ಅದೇ ಬೆಂಕಿ ಬಣ್ಣದ ಕೋಟು, ಫೋಟೋದಲ್ಲಿ ಕಂಡದ್ದಕ್ಕಿಂತ ಚೆನ್ನಾಗಿತ್ತು. ಎಲ್ಲರನ್ನೂ ತಬ್ಬಿಕೊಂಡಳು, ಎಲ್ಲರ ಹೆಸರೂ ನೆನಪಿಟ್ಟುಕೊಂಡಿದ್ದಳು, ಅದೂ ರೋನಾಳಿಗೆ ಸೇರಲಿಲ್ಲ. ವಿಲ್ಮಾ ಮರದಲ್ಲಿ ಕೆತ್ತಿದ ಮೀನೊಂದನ್ನು ಅವಳ ಕೈಗಿತ್ತಳು.

‘ನಾನೇನೂ ಮಾಡಿಲ್ಲ, ನಿಜವಾಗ್ಲೂ. ಮಾಡಿದ್ದೆಲ್ಲ ರೋನಾ’ ಅಂದಳು ಟೆಸ್ಸಾ.

‘ನೋಡಿ, ಎಷ್ಟು ವಿನಯ’ ಅಂದಳು ವಿಲ್ಮಾ. ಜನ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ರೋನಾಳೂ ತಟ್ಟಿದಳು, ಅಂಗೈ ಚುರುಗುಟ್ಟುವ ಹಾಗೆ. ಓಲಿ ಮಾಮ ಕರಿದ ಮೀನಿನ ತಟ್ಟೆಯನ್ನು ಅವಳ ಕಡೆ ನೂಕಿ, ‘ತಿನ್ನು, ಮೀನಿನ ಕೆನ್ನೆ ಇದು, ಎಲ್ಲಕ್ಕಿಂತ ರುಚಿ’ ಅಂದ.

ಕೇಕಿನ ಹೊತ್ತಿಗೆ ಟೆಸ್ಸಾ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕೂತಳು. ತುಟಿಯಲ್ಲಿ ಸಕ್ಕರೆ ಪುಡಿ ಅಂಟಿತ್ತು.

‘ನಾಳೆ ಬೆಳಗ್ಗೆ ಐಸಿನ ಮೇಲೆ ಒಂದು ಸುತ್ತು ನಡೆದು ಬರ್ತೀನಿ ಕಣೇ. ಚಿಕ್ಕವರಿದ್ದಾಗ ಹೋಗ್ತಿದ್ವಲ್ಲ, ಕೊಕ್ಕರೆ ಮೂಲೆ, ಅಲ್ಲಿಗೆ.’

ರೋನಾ ಕಾಫಿ ಲೋಟ ಎತ್ತಿದಳು. ಒಂದು ಗುಟುಕು ಕುಡಿದಳು. ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

‘ಹೋಗೋಕೆ ಮುಂಚೆ ಆ್ಯಪ್ ನೋಡು’ ಅಂದಳು ಆಮೇಲೆ.

‘ಹೌದಲ್ಲ’ ಎಂದು ಟೆಸ್ಸಾ ಫೋನು ತೆಗೆದಳು. ಬೆರಳಾಡಿಸಿದಳು. ನಿಲ್ಲಿಸಿದಳು. ‘ಅದರ ಹೆಸರೇನೇ ಈಗ?’

ರೋನಾ ಅವಳ ಫೋನಿನೊಳಗೆ ಇಣುಕಿದಳು. ಮೀನಿನ ಚಿತ್ರ ಎಲ್ಲೂ ಇರಲಿಲ್ಲ. ಯಾವತ್ತೂ ಇದ್ದ ಹಾಗಿರಲಿಲ್ಲ.

‘ಗಟ್ಟಿ ಐಸ್.’

‘ಓ, ಅದೇ ಹೆಸರಾ ಇನ್ನೂ’ ಎಂದು ಟೆಸ್ಸಾ ಹುಡುಕಿ ಒತ್ತಿದಳು. ಆ್ಯಪ್ ಇಳಿಯತೊಡಗಿತು. ‘ವಿಲ್ಮಾ ಏನೋ ಅಂತಿದ್ರು, ಲಿಂಕ್‌ನಲ್ಲಿ ನನ್ನ ಹೆಸರಿದೆ ಅಂತ. ಹೌದಾ? ನನಗೆ ನೆನಪೇ ಇಲ್ಲ. ತೆಗೆದುಹಾಕಿಬಿಡಬಾರದಾ?’

‘ತೆಗೆಯೋಕಾಗಲ್ಲ.’

‘ಯಾಕಾಗಲ್ಲ?’

‘ಓಲಿ ಮಾಮನ್ನ ಕೇಳು’ ಅಂದಳು ರೋನಾ.

ಮೇಜಿನಾಚೆಯಿಂದ ಓಲಿ ಮಾಮ ಹೊಸ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿ, ಬಾಯ್ತುಂಬ ಕೇಕು ಇದ್ದದ್ದರಿಂದ, ಸುಮ್ಮನೆ ತನ್ನ ಸೊಂಟದ ಹತ್ತಿರ ಕೈ ಅಡ್ಡ ಹಿಡಿದು ನೀರು ಎಲ್ಲಿಯವರೆಗೆ ಬಂದಿತ್ತು ಅಂತ ತೋರಿಸಿದ. ಟೆಸ್ಸಾಳಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು.

ಅಷ್ಟರಲ್ಲಿ ನಕ್ಷೆ ತೆರೆದುಕೊಂಡಿತು. ನೆತ್ತಿಯ ಮೇಲೆ ಅಂದಿನ ತಾರೀಕು, ದೊಡ್ಡದಾಗಿ. ಕೊಕ್ಕರೆ ಮೂಲೆ ಕೆಂಪಗಿತ್ತು, ಟೆಸ್ಸಾಳ ಕೋಟಿಗಿಂತ ಕೆಂಪಗೆ.

‘ಅಲ್ಲಿಗೆ ಹೋಗ್ಬೇಡ’ ಅಂದಳು ರೋನಾ, ಆ ಕೆಂಪಿನ ಮೇಲೆ ಬೆರಳಿಟ್ಟು. ‘ದೋಣಿಮನೆ ಕಡೆಯಿಂದ ಹೋಗು, ಅಲ್ಲಿ ಗಟ್ಟಿಯಿದೆ. ಆ ಕೋಟು ಬೇಡ, ಗಾಳಿ ತಡೆಯಲ್ಲ ಅದು. ನಂದು ಹಳೇದಿದೆ, ಅದನ್ನ ಹಾಕ್ಕೊಂಡು ಹೋಗು.’

‘ನಿನ್ನ ಕೋಟು ನನಗೆ ದೊಗಲೆ ಆಗಲ್ವೇನೇ?’

‘ಆಗ್ಲಿ ಬಿಡು’ ಅಂದಳು ರೋನಾ. ಟೆಸ್ಸಾ ಫೋನಿನಲ್ಲಿ ಮುಳುಗಿದ್ದಾಗ, ಕುರ್ಚಿಯ ಬೆನ್ನಿಗೆ ನೇತುಬಿದ್ದಿದ್ದ ಬೆಂಕಿ ಬಣ್ಣದ ತೋಳನ್ನು ಯಾರಿಗೂ ಕಾಣದಂತೆ ಒಮ್ಮೆ ಮುಟ್ಟಿ ನೋಡಿದಳು.