ಪ್ರಾರ್ಥನೆ ಇಲ್ಲದ ತರಗತಿ

ಸಿಂಗಾಪುರದ ಪಾಯಾ ಲೆಬಾರ್‌ನ ನಮ್ಮ ಆಫೀಸಿನ ಮೀಟಿಂಗ್ ರೂಮಿನಲ್ಲಿ ಮೊನ್ನೆ ಯಾರೋ ವೈಟ್‌ಬೋರ್ಡ್ ಮಾರ್ಕರಿನ ಮುಚ್ಚಳ ತೆಗೆದಿಟ್ಟು ಹೋಗಿದ್ದರು. ಬಾಗಿಲು ತೆರೆದ ಕೂಡಲೇ ಸ್ಪಿರಿಟ್ಟಿನಂಥ ಆ ಘಾಟು ಮೂಗಿಗೆ ಬಡಿಯಿತು. ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು ಮಾರ್ಕರಿಗೆ ಮುಚ್ಚಳ ಹಾಕಿದೆ. “ಇದೆಂತ ಮಾರಾಯ್ರೆ, ಅಕ್ಷರ ಬರೆದ್ರೆ ಆಸ್ಪತ್ರೆ ವಾಸನೆ ಬರ್ತದೆ” ಎಂದು ಮುಖ ಕಿವುಚುತ್ತಿದ್ದ ಟೀಚರ್ ನೆನಪಾದರು...

ಉಡುಪಿ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿದ್ದವರು. ಸೆಂಗ್‌ಕಾಂಗ್‌ನಲ್ಲಿ ನಮ್ಮ ಪಕ್ಕದ ಬ್ಲಾಕಿನಲ್ಲಿದ್ದ ಮಗಳ ಮನೆಗೆ ಬಂದು ಉಳಿದಿದ್ದರು. ಅವರು ಬಂದ ಮೇಲೆಯೇ ನಮ್ಮ ಮಕ್ಕಳಿಗೆ ಶನಿವಾರದ ಕನ್ನಡ ಕ್ಲಾಸು ಶುರುವಾದದ್ದು. ಹತ್ತಿರದ ಕಾಂಡೋ ಅಪಾರ್ಟ್‌ಮೆಂಟಿನಲ್ಲಿದ್ದ ಒಬ್ಬರು ಅಲ್ಲಿನ ಫಂಕ್ಷನ್ ರೂಮ್ ಬುಕ್ ಮಾಡಿಸಿಕೊಡುತ್ತಿದ್ದರು. ಏಳು ವರ್ಷದ ನನ್ನ ಮಗ ಮೊದಲ ದಿನ “ಆಂಟಿ” ಎಂದಾಗ ಅವರು ನಕ್ಕು, “ಆಂಟಿ ಮನೇಲಿ ಇರ್ತಾಳೆ, ಇಲ್ಲಿ ಇರೋದು ಟೀಚರ್” ಎಂದರು. ಅಂದಿನಿಂದ ದೊಡ್ಡವರಿಗೂ ಅವರು ಟೀಚರೇ.

ಕ್ಲಾಸು ಶುರುವಾದ ಕೆಲವು ವಾರಕ್ಕೆ ಒಬ್ಬ ತಾಯಿ, “ಟೀಚರ್, ಮೊದಲು ಒಂದು ಶ್ಲೋಕ ಹೇಳಿಸಿ ಆಮೇಲೆ ಸ್ಟಾರ್ಟ್ ಮಾಡಿದ್ರೆ ಚೆನ್ನಾಗಿರುತ್ತೆ, ಅಲ್ವಾ? ಮಕ್ಕಳಿಗೆ ನಮ್ಮ ಕಲ್ಚರ್ ಕೂಡ ಬರುತ್ತೆ” ಎಂದರು.

“ಅದನ್ನು ನೀವು ಮನೆಯಲ್ಲಿ ಹೇಳಿಸಿ. ನನಗಿಂತ ನೀವೇ ಚೆಂದ ಹೇಳ್ತೀರಿ. ನನಗೆ ದೇವರ ಮೇಲೆ ನಂಬಿಕೆ ಇಲ್ಲ. ಇಲ್ಲದ್ದನ್ನು ಮಕ್ಕಳ ಎದುರು ಉಂಟು ಅಂತ ಮಾಡ್ಲಿಕ್ಕೆ ನನ್ನಿಂದ ಆಗೋದಿಲ್ಲ.”

ಹೇಳಿದ ದನಿಯಲ್ಲಿ ಜಗಳವಿರಲಿಲ್ಲ. ಆದರೂ ಆ ರೂಮಿನ ಏಸಿ ಒಮ್ಮೆಲೇ ಜೋರಾದ ಹಾಗಾಯಿತು.

ಜನರಿಗೆ ಕಾರಣ ಬೇಕಾಗಿತ್ತು. ಗಂಡ ಬೇಗ ತೀರಿಕೊಂಡದ್ದಕ್ಕಿರಬೇಕು ಎಂದರು ಕೆಲವರು. ನಾನೂ ದೇವರನ್ನು ನಂಬದವನು. ಹೆಂಡತಿ ಪೂಜೆ ಮಾಡುವಾಗ ಪೇಪರ್ ಹಿಡಿದು ಬಾಲ್ಕನಿಗೆ ಹೋಗುವ ಜಾತಿಯ ನಾಸ್ತಿಕ. ಜೊತೆಗೊಬ್ಬರು ಸಿಕ್ಕಿದ ಖುಷಿಗೆ, ಕ್ಲಾಸು ಮುಗಿಸಿ ಮನೆ ಕಡೆ ನಡೆಯುವಾಗ ನಾನೂ ಅದನ್ನೇ ಕೇಳಿಬಿಟ್ಟೆ.

“ಏನೂ ಆಗ್ಲಿಲ್ಲ” ಎಂದರು. “ಸಣ್ಣದ್ರಿಂದ ಎಲ್ಲ ದೇವಸ್ಥಾನಕ್ಕೂ ಹೋಗಿದ್ದೇನೆ. ನಂಬಿಕೆ ಬರ್ಲಿಲ್ಲ, ಅಷ್ಟೆ. ಬಾರದ್ದನ್ನು ಬಂತು ಅನ್ಲಿಕ್ಕೆ ಆಗ್ತದಾ?”

ಈ ಊರಿನಲ್ಲಿ ನಂಬದವರನ್ನು ಯಾರೂ ಬೈಯುವುದಿಲ್ಲ. ಎಲ್ಲ ದೇವರ ಹಬ್ಬಕ್ಕೂ ರಜೆ ಸಿಗುತ್ತದೆ, ನಮಗೂ ಸಿಗುತ್ತದೆ. ಒಂದು ವಾರ ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ಇಲ್ಲಿಯವರ ವಾಯ್ಡ್ ಡೆಕ್ಕಿನಲ್ಲಿ, ಮಲಯ್ ಮದುವೆ, ಇನ್ನೊಂದು ವಾರ ಅದೇ ಜಾಗದಲ್ಲಿ ಚೀನೀಯರ ಸಾವಿನ ಮನೆಯ ಶಾಮಿಯಾನ. ಎಲ್ಲರಿಗೂ ಜಾಗವಿದೆ. ಆದರೆ ಮಾತು ಶುರುವಾಗುವುದು ನೀವು ಯಾರು, ಏನು ತಿನ್ನುವುದಿಲ್ಲ, ಯಾವ ದೇವಸ್ಥಾನಕ್ಕೆ ಹೋಗುತ್ತೀರಿ ಎಂದೇ. ಉತ್ತರ ಇಲ್ಲದವನು ನಕ್ಕು ಪಕ್ಕಕ್ಕೆ ಸರಿಯಬೇಕು. ನಾನು ಸರಿಯುತ್ತಿದ್ದೆ. ಟೀಚರ್ ಸರಿಯಲಿಲ್ಲ.

ಆ ವರ್ಷ ಅವರ ಮಗಳು ಬಸುರಿಯಾಗಿದ್ದಳು. ಏಳನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಸಮಾಧಾನ ಹೇಳಲು ಬಂದವರಲ್ಲಿ ಯಾರೋ, ಅವಳಿಗೆ ಕೇಳುವ ಹಾಗೆಯೇ, “ದೀಪ ಹಚ್ಚದ ಮನೆ, ಇನ್ನೇನಾಗುತ್ತೆ” ಎಂದರಂತೆ. ಅಲ್ಲಿಯವರೆಗೆ ಪೂಜೆ ಪುನಸ್ಕಾರ ಎಂದು ತಲೆಕೆಡಿಸಿಕೊಳ್ಳದಿದ್ದ ಹುಡುಗಿ ಹಠ ಹಿಡಿದಳು. ಮನೆಯಲ್ಲಿ ಶಾಂತಿ ಹೋಮ ಆಗಬೇಕು, ಅಮ್ಮ ಪಕ್ಕದಲ್ಲಿ ಕೂರಬೇಕು.

ಹೋಮಕ್ಕೆ ನಾವೂ ಹೋಗಿದ್ದೆವು. ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರೂ ಹಾಲಿನಲ್ಲಿ ಕಣ್ಣು ಬಿಡಲಾಗದಷ್ಟು ಹೊಗೆ. ಟೀಚರ್ ರೇಷ್ಮೆ ಸೀರೆಯುಟ್ಟು ಮಗಳ ಪಕ್ಕ ಕೂತಿದ್ದರು. ಭಟ್ಟರು ಕೈಮುಗಿಯಿರಿ ಎಂದಾಗ ಮುಗಿದರು, ಅಕ್ಷತೆ ಹಾಕಿ ಎಂದಾಗ ಹಾಕಿದರು. ಬೆಂಕಿಯ ಕಡೆ ಮಾತ್ರ ಒಮ್ಮೆಯೂ ನೋಡಲಿಲ್ಲ. ಕಣ್ಣೆಲ್ಲ ಮಗಳ ಮುಖದ ಮೇಲೆ. ಊಟದ ಹೊತ್ತಿಗೆ ಕೆಲವರು ಕಣ್ಣಲ್ಲೇ ಮಾತಾಡಿಕೊಂಡದ್ದನ್ನು ಕಂಡೆ. ಕೊನೆಗೂ ದಾರಿಗೆ ಬಂದರಲ್ಲ...

ಕೆಲವು ದಿನದ ಮೇಲೆ ಎಲ್‌ಆರ್‌ಟಿ ರೈಲಿನಲ್ಲಿ ಸಿಕ್ಕಾಗ ಅವರಾಗಿಯೇ ಹೇಳಿದರು. “ನಿಮಗೆ ಬೇಜಾರಾಗಿರಬೇಕು. ಅವಳ ಮಗು ಹೋಯ್ತು ಮಾರಾಯ್ರೆ. ಅವಳು ಅಲ್ಲಿ ಹೋಗಿ ಕೂತಳು. ಅವಳ ಹತ್ತಿರ ಕೂರ್ಲಿಕ್ಕೆ ನನಗೆ ಬೇರೆ ಜಾಗ ಇರ್ಲಿಲ್ಲ.”

ನನಗೆ ಬೇಜಾರಾಗಿರಲಿಲ್ಲ. ಹಾಗೆಂದು ಹೇಳಿದೆ. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಕ್ಲಾಸು ಮತ್ತೆ ಶುರುವಾದ ಶನಿವಾರ ಅದೇ ತಾಯಿ ಬಂದು, “ಈಗ ಶ್ಲೋಕ ಹೇಳಿಸಬಹುದಲ್ವಾ ಟೀಚರ್?” ಎಂದರು. ಟೀಚರ್ ಇಲ್ಲವೆಂದರು. “ಅದು ನನ್ನ ಮಗಳ ಮನೆ. ಇದು ತರಗತಿ.”

ಇದನ್ನು ಯಾರೂ ಕ್ಷಮಿಸಲಿಲ್ಲ. ದೇವರಿಲ್ಲ ಎಂದದ್ದನ್ನಾದರೂ ಸಹಿಸಿಕೊಂಡಿದ್ದರು. ಸ್ವಂತ ಮಗಳಿಗಾದರೆ ಹೋಮ, ಬೇರೆಯವರ ಮಕ್ಕಳಿಗೆ ಒಂದು ಶ್ಲೋಕವೂ ಇಲ್ಲವೇ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಬರೆದರು. ಅವರು ಬಂದಿರುವುದು ಕನ್ನಡ ಕಲಿಸಲು, ಅದನ್ನು ಚೆನ್ನಾಗಿ ಕಲಿಸುತ್ತಿದ್ದಾರಲ್ಲ ಎಂದು ನಾನು ಬರೆದೆ. ಸ್ವಲ್ಪ ಹೊತ್ತಿಗೆ ಯಾರೋ ಆಂಜನೇಯನ ಚಿತ್ರ ಹಾಕಿ ‘ಶುಭ ಶನಿವಾರ’ ಎಂದರು. ಎಲ್ಲರೂ ಅದಕ್ಕೆ ಕೈಮುಗಿದರು.

ಆಮೇಲೆ ಫಂಕ್ಷನ್ ರೂಮ್ ಸಿಗಲಿಲ್ಲ. ಬೇರೊಂದು ಕಾಂಡೋದಲ್ಲಿ ಹೊಸ ಕ್ಲಾಸು ಶುರುವಾಯಿತು. ಟೀಚರ್ ನಮ್ಮ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಕಲ್ಲಿನ ಮೇಜಿನ ಬಳಿ, ಬೋರ್ಡನ್ನು ಕಂಬಕ್ಕೊರಗಿಸಿಕೊಂಡು ಕಲಿಸತೊಡಗಿದರು. ಒಮ್ಮೆ ಆಚೆ ತುದಿಯಲ್ಲಿ ಶಾಮಿಯಾನ ಕಟ್ಟಿ ಸತ್ತವರೊಬ್ಬರನ್ನು ಇಟ್ಟಿದ್ದರು. “ಅಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಇವತ್ತು ಬರೆಯುವ, ಓದೋದು ಬೇಡ” ಎಂದು ಟೀಚರ್ ದನಿ ತಗ್ಗಿಸಿದ್ದರು. ಅಷ್ಟು ಹೊತ್ತಿಗೆ ಉಳಿದಿದ್ದವರೇ ಮೂರು ಮಕ್ಕಳು. ಕೊನೆಗೆ ನನ್ನ ಮಗನೊಬ್ಬನೇ. ಅವನೂ ಒಂದು ದಿನ, “ಫ್ರೆಂಡ್ಸ್ ಎಲ್ಲಾ ಅಲ್ಲಿ ಹೋಗ್ತಾರೆ, ಇಲ್ಲಿ ತುಂಬಾ ಬೋರಿಂಗ್ ಲಾ” ಎಂದ. ಟೀಚರ್ ಅವನ ತಲೆ ಸವರಿ, “ಹೋಗು ಮಗಾ, ಅಲ್ಲಿಯೂ ಕನ್ನಡವೇ ಅಲ್ವಾ” ಎಂದರು.

ಅದಾಗಿ ಕೆಲವೇ ತಿಂಗಳಿಗೆ ಊರಿಗೆ ಹೋದರು. ಮಂಡಿ ನೋವು, ಇಲ್ಲಿ ಹೊತ್ತು ಹೋಗುವುದಿಲ್ಲ ಎಂದರು. ಮತ್ತೆ ಬರಲಿಲ್ಲ.

ಅವರು ತೀರಿಕೊಂಡ ಸುದ್ದಿ ಹೋದ ವರ್ಷ ಅದೇ ಗ್ರೂಪಿನಲ್ಲಿ ಬಂತು. ಒಬ್ಬರಾದ ಮೇಲೊಬ್ಬರು ‘ಓಂ ಶಾಂತಿ’ ಎಂದರು. ನಮ್ಮಂಥವರಿಗೆ ಸಾವಿನ ಹೊತ್ತಿಗೆ ಆಡಲು ಸಿದ್ಧ ಮಾತೊಂದಿಲ್ಲ. ಏನೇನೋ ಟೈಪ್ ಮಾಡಿದೆ, ಅಳಿಸಿದೆ.

ಮಾರ್ಕರಿನ ವಾಸನೆ ಬಡಿದ ಆ ಸಂಜೆ ಮನೆಗೆ ಹೋಗುವ ಮೊದಲು ಅವರ ಮಗಳ ಬಾಗಿಲು ತಟ್ಟಿದೆ. ಕಾಫಿ ಕೊಟ್ಟಳು. ಅಮ್ಮನ ಮಾತು ಬಂತು, ನಿಂತಿತು. ಆಮೇಲೆ ಕೇಳಿದಳು, “ನೀವೂ ನಂಬಲ್ಲ ಅಲ್ವಾ... ಅಮ್ಮ ಈಗ ಎಲ್ಲಾದ್ರೂ ಇದ್ದಾಳೆ ಅಂತ ನಿಮಗೆ ಅನ್ಸುತ್ತಾ?”

ಗೊತ್ತಿಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. “ಇಲ್ಲ” ಎಂದೆ.

ಖಾಲಿ ಲೋಟವನ್ನು ತನ್ನ ಕಡೆ ಎಳೆದುಕೊಂಡಳು. “ಮಗು ಎಲ್ಲಿಗೆ ಹೋಯ್ತು ಅಂತ ಆವತ್ತು ಅಮ್ಮನ್ನ ಕೇಳಿದ್ದೆ. ದೇವರ ಹತ್ರ ಅಂತ ಒಂದು ಸುಳ್ಳು ಹೇಳಿದ್ರೆ ಸಾಕಾಗಿತ್ತು ನಂಗೆ. ಹೇಳ್ಲಿಲ್ಲ. ಎಲ್ಲಿಯೂ ಇಲ್ಲ ಮಗಳೇ ಅಂದು ನನಗಿಂತ ಜೋರಾಗಿ ಅತ್ಲು.”

ಕಾಫಿ ಲೋಟ ತೆಗೆದುಕೊಂಡು ಅವಳು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಬಹಳ ಹೊತ್ತಾದರೂ ಅದು ನಿಲ್ಲಲಿಲ್ಲ. ನಾನು ಕೂತಲ್ಲೇ ಕೂತಿದ್ದೆ...