ಕುರಿದಡ್ಡಿಗೆ ಹೋಗದ ವರ್ಷ

ಅಥಣಿ ಸೀಮೆಯ ಒಂದು ಹಳ್ಳಿಯ ದನದ ದವಾಖಾನೆಗೆ ಭೂಪಾಲ ಮಗದುಮ್ ಡಾಕ್ಟರಾಗಿ ಬಂದದ್ದು 1986ರಲ್ಲಿ. ಕಾಗವಾಡ ಕಡೆಯ ಜೈನ ಒಕ್ಕಲು ಮನೆತನದ ಹುಡುಗ, ಇನ್ನೂ ಮೂವತ್ತು ತುಂಬಿರಲಿಲ್ಲ. ಸರಕಾರಿ ದವಾಖಾನೆಯೆಂದರೆ ಬೀಗ ಹಾಕಿದ ಬಾಗಿಲು ಎಂಬ ಜನರ ಮಾತನ್ನು ಸುಳ್ಳು ಮಾಡಬೇಕೆಂದು ಅವನಿಗೆ ನಿಜವಾಗಿಯೂ ಆಸೆಯಿತ್ತು.

ಮೊದಲ ದಿನವೇ ಕಂಪೌಂಡರ್ ಹಾಲಸಿದ್ದ ಬಂದದ್ದು ಹನ್ನೊಂದಕ್ಕೆ, ಮೈತುಂಬ ಧೂಳು.

"ಎಲ್ಲಿಗ್ ಹೋಗಿದ್ರಿ?"

"ಕುರಿದಡ್ಡಿಗೆರಿ ಸಾಹೇಬ್ರ. ಬಿಸಲೇರಿದ್ರ ಕುರಿ ಮೇಯಾಕ ಹೋಗಿಬಿಡ್ತಾವ. ಅದಕ್ಕೂ ಮೊದ್ಲ ಸೂಜಿ ಹಾಕಬೇಕ್ರಿ."

"ದವಾಖಾನಿ ಇಲ್ಲೈತಿ. ಬೇಕಾದವರು ಇಲ್ಲಿಗೇ ಬರ್ತಾರ."

ಮೂರು ಸಲ ತಡವಾದಾಗ ಭೂಪಾಲ ಅವನ ಸೇವಾ ಪುಸ್ತಕದಲ್ಲಿ ಕೆಟ್ಟ ಷರಾ ಬರೆದ. ಆಮೇಲೆ ಹಾಲಸಿದ್ದ ಎಂಟಕ್ಕೇ ಬಂದು ಕೂಡತೊಡಗಿದ. ಗೋಡೆಗೆ ಸುಣ್ಣವಾಯಿತು, ಔಷಧಿಗಳು ಸಾಲಾಗಿ ನಿಂತವು. ತಪಾಸಣೆಗೆ ಬಂದ ಮೇಲಧಿಕಾರಿ ಭೂಪಾಲನ ಬೆನ್ನು ತಟ್ಟಿ ಹೋದರು. ಕುರಿ ಕೂಡಿಹಾಕುವ ದಡ್ಡಿಗಳು ನಾಲ್ಕೈದು ಮೈಲು ದೂರ. ಕುರಿ ಹೊಡೆದುಕೊಂಡು ಅಷ್ಟು ದೂರ ಯಾರೂ ಬರಲಿಲ್ಲ.

ಮರುವರ್ಷ ಮೊದಲ ಮಳೆಗೆ ಎಳೆ ಹುಲ್ಲು ಚಿಗುರಿತು, ಹಿಂದೆಯೇ ಕರುಳುಬೇನೆ ಬಂತು. ಸಂಜೆ ಚೆನ್ನಾಗಿದ್ದ ಕುರಿ ಬೆಳಗ್ಗೆ ಸತ್ತು ಬೀಳುತ್ತಿತ್ತು. ಕುರುಬರ ಕೆಂಪವ್ವ ಸತ್ತ ಮರಿಯೊಂದನ್ನು ಹೊತ್ತು ದವಾಖಾನೆಗೆ ಬಂದು, ಮೆಟ್ಟಿಲ ಮೇಲಿಟ್ಟಳು.

"ಹಾಲಸಿದ್ದಣ್ಣಾ, ಪ್ರತಿ ವರ್ಷಾ ಮಳಿಗಿಂತ ಮೊದ್ಲ ಬಂದು ಸೂಜಿ ಹಾಕ್ತಿದ್ದಿ. ಈ ಸಲ ಯಾಕ ಬರಲಿಲ್ಲೋ?"

ಹಾಲಸಿದ್ದ ತಲೆ ತಗ್ಗಿಸಿದ. ಡಾಕ್ಟರ ಕಡೆ ಬೆರಳು ತೋರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಭೂಪಾಲನೂ ಬಾಯಿ ಬಿಡಲಿಲ್ಲ.

ಮರುದಿನವೇ ಭೂಪಾಲ ಲಸಿಕೆ ತೆಗೆದುಕೊಂಡು ಹಾಲಸಿದ್ದನೊಂದಿಗೆ ದಡ್ಡಿಗಳಿಗೆ ಹೊರಟ. ಅಲ್ಲಿಂದ ಮುಂದೆ ಪ್ರತಿ ವರ್ಷ ಹೋದ. ಆದರೆ ಮುಂದಿನ ಮಳೆಗಾಲದ ಹೊತ್ತಿಗೆ ಕೆಂಪವ್ವ ಉಳಿದ ಏಳು ಕುರಿ ಮಾರಿ, ನಿಪ್ಪಾಣಿಯ ತಂಬಾಕು ವಖಾರಿಗೆ ಕೂಲಿಗೆ ಹೋಗಿಬಿಟ್ಟಿದ್ದಳು. ಹಾಲಸಿದ್ದನ ಷರಾ ತೆಗೆಸಲು ಭೂಪಾಲ ಮೇಲಧಿಕಾರಿಗೆ ಎರಡು ಸಲ ಬರೆದ. ಒಮ್ಮೆ ಬರೆದದ್ದು ತೆಗೆಯಲು ಬರುವುದಿಲ್ಲವೆಂದು ಉತ್ತರ ಬಂತು.

1993ರಲ್ಲಿ ಹಾಲಸಿದ್ದ ನಿವೃತ್ತನಾದ ದಿನ ಭೂಪಾಲ, "ತಪ್ಪ ನಂದ ಇತ್ತು, ಹಾಲಸಿದ್ದಪ್ಪ," ಎಂದ.

"ನನ್ನ ಷರಾ ಇರ್ಲಿ ಬಿಡ್ರಿ ಸಾಹೇಬ್ರ. ಅವತ್ತ ಕೆಂಪವ್ವಗ ಈ ಮಾತ ಹೇಳಬೇಕಿತ್ತರಿ ನೀವು."

ಮುಂದಿನ ಭಾನುವಾರ ಭೂಪಾಲ ನಿಪ್ಪಾಣಿಗೆ ಹೋಗಿ ಮೂರು ವಖಾರಿಗಳಲ್ಲಿ ವಿಚಾರಿಸಿದ. ತಂಬಾಕಿನ ಘಾಟಿಗೆ ಮುಖಕ್ಕೆ ಸೆರಗು ಕಟ್ಟಿಕೊಂಡ ಹೆಂಗಸರು, ಆ ಹೆಸರಿನವಳು ಎರಡು ವರ್ಷದ ಹಿಂದೆ ಕೆಮ್ಮು ಹಿಡಿದು ಕೆಲಸ ಬಿಟ್ಟಳೆಂದರು. ಎಲ್ಲಿಗೆ ಹೋದಳೋ ಯಾರಿಗೂ ಗೊತ್ತಿರಲಿಲ್ಲ.