ತಲೆಗೆ ಎಣ್ಣೆ ಹಚ್ಚಿಕೊಂಡ ವರ್ಷ

ಬೆಳಗಾವಿಯ ಖಾಸಬಾಗಕ್ಕೆ ಬಂದ ಮೊದಲ ಬೆಳಿಗ್ಗೆ ಯಾರೋ ನನ್ನ ಬಾಗಿಲು ದಬದಬ ಬಡಿದರು. ನಾನು ಜೋಳದ ಚೀಲದ ಹಿಂದೆ ಹೋಗಿ ಅವಿತು ಕುಳಿತೆ. ಹೊರಗೆ “ಪಾಣೀ ಆಲಂ” ಎಂಬ ಕೂಗು. ನಳಕ್ಕೆ ನೀರು ಬಂದಿದೆ ಎಂದು ಅದರ ಅರ್ಥ. ಅದು ತಿಳಿಯುವ ಹೊತ್ತಿಗೆ ನೀರು ನಿಂತಿತ್ತು.

ಮೊಮ್ಮಕ್ಕಳೇ, ಇದು ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನಮ್ಮ ಊರು ಬೀಡಿಯಲ್ಲಿ ಬಾಗಿಲು ಬಡಿಯುವ ರೂಢಿಯಿಲ್ಲ. ಹೊರಗೆ ನಿಂತು “ಅದೀರೇನ್ರೀ” ಅನ್ನುತ್ತಾರೆ. ಬಡಿಯುತ್ತಿದ್ದವರು ಒಬ್ಬರೇ, ನಿಮ್ಮ ಅಜ್ಜ. ಆ ಬಡಿತ ಬಾಗಿಲಿಗೇ ನಿಲ್ಲುತ್ತಿರಲಿಲ್ಲ. ಇದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಅವರು ತೀರಿಕೊಂಡು ಮೂರು ತಿಂಗಳಾದರೂ ಬಾಗಿಲು ಸಪ್ಪಳವಾದರೆ ನಾನು ಮೂಲೆ ಸೇರುತ್ತಿದ್ದೆ. ಆಗ ನಿಮ್ಮ ಅವ್ವ ತನ್ನ ಮನೆಯ ಹತ್ತಿರದ ಚಾಳಿನಲ್ಲಿ ನನಗೊಂದು ಖೋಲಿ, ಒಂದೇ ಕೋಣೆಯ ಮನೆ, ಹಿಡಿದು ಕೊಟ್ಟಳು.

ಬಾಜು ಖೋಲಿಯಾಕೆ ಮರಾಠಿಯವರು; ಚಾಳಿನವರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಬಾಗಿಲು ಬಡಿಯಬೇಡಿ, ಹೆಸರು ಹಿಡಿದು ಕೂಗಿ ಎಂದು ಅವರನ್ನು ಕೇಳಿಕೊಳ್ಳಲು ನನಗೆ ಎಂಟು ದಿನ ಬೇಕಾಯಿತು. ಏಕೆಂದು ಅವರು ಕೇಳಲಿಲ್ಲ. ಮರುದಿನದಿಂದ ಕೂಗಿದರು. ಊರಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿತ್ತು, ಒಬ್ಬರೂ ಅಡ್ಡ ಬಂದಿರಲಿಲ್ಲ.

ಅಲ್ಲಿ ಎಲ್ಲರ ಊಟ ಮುಗಿದ ಮೇಲೆ ಒಲೆಯ ಮುಂದೆ ನಿಂತೇ ಉಣ್ಣುತ್ತಿದ್ದೆ, ಒಂದು ಕಿವಿ ಬಾಗಿಲ ಕಡೆಗಿಟ್ಟು. ಇಲ್ಲಿ ಮೊದಲ ಬಿಸಿ ರೊಟ್ಟಿ ನನಗೇ, ಅದೂ ಕುಳಿತು. ಮೊದಮೊದಲು ಅಭ್ಯಾಸದಿಂದ ನಡುವೆಯೇ ಎದ್ದು ನಿಲ್ಲುತ್ತಿದ್ದೆ. ಹಟ ಹಿಡಿದು ಕುಳಿತೇ ಉಂಡೆ. ರವಿವಾರ ಕಾಕು ಅಂಗಳದ ಬಿಸಿಲಿನಲ್ಲಿ ನನ್ನ ತಲೆಗೆ ಎಣ್ಣೆ ತಿಕ್ಕುತ್ತಿದ್ದರು. ಹಳೆಯ ಗಾಯದ ಗುರುತಿನ ಮೇಲೆ ಅವರ ಬೆರಳು ಒಂದು ಕ್ಷಣ ನಿಂತು, ಮುಂದೆ ಹೋಗುತ್ತಿತ್ತು.

ಗಂಡ ಸತ್ತ ವರ್ಷ ತಲೆಗೆ ಎಣ್ಣೆ ಸೋಕಿಸಬಾರದು ಎಂಬುದು ನಮ್ಮ ಮನೆತನದ ಕಟ್ಟಳೆ. ಅಂಥ ಒಂದು ರವಿವಾರವೇ ಮೈದುನ ಬಸಪ್ಪ ತನ್ನ ಅಣ್ಣನ ವರ್ಷದ ಕಾರ್ಯಕ್ಕೆ ಕರೆಯಲು ಬಂದ. ಕಾರ್ಯ ಮುಗಿಸಿ ಅಲ್ಲೇ ಇದ್ದುಬಿಡಬೇಕು, ಮನೆಯ ಸೊಸೆ ಹೊರಗಿದ್ದರೆ ಚಂದವಲ್ಲ ಎಂದ.

“ವೈನಿ, ಎಣ್ಣಿ ಹಚ್ಕೊಂಡ ಬಿಸಲಾಗ ಕುಂತೀರಿ. ಮಂದಿ ಏನಂದಾರು?”

ಅವನ ಮುಖ ನೋಡಿ ನಾನು ಮಾತಾಡಿದ್ದು ಅದೇ ಮೊದಲು.

“ನಿಮ್ಮಣ್ಣ ಹೊಡಿಯೂ ಮುಂದ ಮಂದಿ ಏನಂದ್ರು, ಬಸಪ್ಪ? ಕಾರ್ಯಕ್ಕ ಬರ್ತೀನಿ. ಉಳ್ಯಾಕ ಬರೂದಿಲ್ಲ.”

ಕಾಕು ನೆತ್ತಿಯ ಮೇಲೆ ಮತ್ತಷ್ಟು ಎಣ್ಣೆ ಸುರಿದರು.

ಕಾರ್ಯಕ್ಕೆ ಹೋದೆ. ಹೊಲದ ಬದುವಿನ ಮೇಲೆ ಕುಳಿತು ಹಿಡಿ ಮಣ್ಣು ಮೂಸಿ ಅತ್ತೆ. ಅಂಥ ವಾಸನೆ ಬೆಳಗಾವಿಯಲ್ಲಿಲ್ಲ. ಸಂಜೆಯ ಬಸ್ಸು ಹತ್ತುವಾಗ, ಇವಳು ಊರು ಬಿಟ್ಟಳು ಎಂದು ಯಾರೋ ಅಂದರು. ನಿಮಗೂ ಹಾಗೆ ಹೇಳಿದರೆ ನಂಬಬೇಡಿ. ಬೀಡಿ ಇಂದಿಗೂ ನನ್ನ ಊರು. ನಾನು ಬಿಟ್ಟದ್ದು ಆ ಮನೆಯನ್ನು.